ನಮ್ಮಲ್ಲೂ ಇದೆ

ಮೈಸೂರಿನಲ್ಲಿ ಮನೆ ಕಟ್ಟಿದವನಿಗೆ ಒಂದು ನೌಕರಿ ತಾನಾಗಿಯೇ ಅಂಟಿಕೊಳ್ಳುತ್ತದೆ. ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ನಾನು ಏನು ಕಡಿದು ಕಟ್ಟೆ ಹಾಕಿದೆ ಎಂಬುದು ನನ್ನ ಹೆಂಡತಿಗೂ ಗೊತ್ತಿಲ್ಲ. ಆದರೆ ಅರಮನೆ, ಬೆಟ್ಟ, ಬೃಂದಾವನ ತೋರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬುದು ಎರಡೂ ಕಡೆಯ ಬಳಗಕ್ಕೆ ಗೊತ್ತು. “ಮೈಸೂರಿಗಾ? ಅಲ್ಲಿ ಇವರಿದ್ದಾರಲ್ಲ, ಎಲ್ಲಾ ತೋರಿಸ್ತಾರೆ” ಎಂದು ನನ್ನ ವಿಳಾಸವನ್ನು ಪ್ರಸಾದದ ಹಾಗೆ ಹಂಚುತ್ತಾರೆ.

ತೋರಿಸುವುದು ಕಷ್ಟವಲ್ಲ. ನೋಡುವವರನ್ನು ಸಹಿಸುವುದು ಕಷ್ಟ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹತ್ತುತ್ತದೆ, ಹತ್ತಿರ ಹತ್ತಿರ ಲಕ್ಷ ಬಲ್ಬು, ಒಂದೇ ಸಲ. ಎಷ್ಟು ನೂರು ಸಲ ನೋಡಿದ್ದೇನೋ, ಈಗಲೂ ಆ ಗಳಿಗೆಗೆ ನನ್ನ ಬಾಯಿ ತೆರೆದುಕೊಳ್ಳುತ್ತದೆ. ಪಕ್ಕದಲ್ಲಿ ನಿಂತ ದಾವಣಗೆರೆಯ ಭಾವನವರ ಬಾಯಿಯೂ ತೆರೆದುಕೊಳ್ಳುತ್ತದೆ, ಆದರೆ ಬೇರೆ ಕಾರಣಕ್ಕೆ. “ಛಲೋ ಐತಿ. ನಮ್ಮಲ್ಲೂ ಗಾಜಿನ ಮನಿ ಆಗೇತಲ್ಲ, ನೋಡಿಲ್ಲೇನು ನೀವು?” ಕನ್ನಂಬಾಡಿ ತೋರಿಸಿದರೆ, “ನಮ್ಮಲ್ಲೂ ಶಾಂತಿಸಾಗರ ಐತಿ.” ಮೈಸೂರುಪಾಕು ಬಾಯಿಗಿಟ್ಟರೆ, ಅದನ್ನು ನುಂಗುವ ಮೊದಲೇ ಬೆಣ್ಣೆದೋಸೆಯ ಮಾತು. ಅಂದೇ ಶಪಥ ಮಾಡಿದ್ದೆ: ಮುಂದೆ ಯಾರಾದರೂ ನನಗೆ ತಮ್ಮ ಊರು ತೋರಿಸುವ ಕಾಲ ಬಂದರೆ, ಬಾಯಿಗೆ ಬೀಗ ಹಾಕಿಕೊಂಡು ನೋಡುತ್ತೇನೆ ಎಂದು.

ಆ ಕಾಲ 2024ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಬಂತು.

ಥಾಯ್ಲೆಂಡಿನವರು ಹಿಂದಿನ ವರ್ಷದ ನವೆಂಬರಿನಲ್ಲಿ ಭಾರತದವರಿಗೆ ವೀಸಾ ಬೇಡ ಎಂದು ಸಾರಿದ ಮೇಲೆ, ನಮ್ಮ ಬಡಾವಣೆಯಲ್ಲಿ ಬ್ಯಾಂಕಾಕು ನೋಡದೆ ಉಳಿದವರು ನಾವಿಬ್ಬರು ಮತ್ತು ಬೀದಿನಾಯಿಗಳು ಮಾತ್ರ. ಮಗ ಬೆಂಗಳೂರಿನಿಂದಲೇ ಟಿಕೆಟ್ ಕಳಿಸಿದ. ವಾಕಿಂಗ್ ಗೆಳೆಯರಿಗೆ “ಬ್ಯಾಂಕಾಕಿಗೆ ಹೊರಟೆ” ಎಂದಾಗ ಎಲ್ಲರೂ ಕಣ್ಣು ಮಿಟುಕಿಸಿದರು. “ಇವಳ ಜೊತೆ” ಎಂದಾಗ ಒಬ್ಬೊಬ್ಬರಾಗಿ ಬಂದು ಭುಜ ತಟ್ಟಿ ಸಮಾಧಾನ ಹೇಳಿದರು.

ಮೊದಲ ದಿನ ನಾವೇ ಊರು ನೋಡಲು ಹೊರಟೆವು. ಬೀದಿಯಲ್ಲಿ ನಗುಮುಖದವನೊಬ್ಬ, ನಾವು ಕೇಳದೆಯೇ, ದೇವಸ್ಥಾನ ಇವತ್ತು ಮುಚ್ಚಿದೆ, ಬನ್ನಿ, ಬೇರೆ ಕಡೆ ತೋರಿಸುತ್ತೇನೆ ಎಂದು ಟುಕ್‌ಟುಕ್ ಹತ್ತಿಸಿದ. ಆ ಬೇರೆ ಕಡೆ ಒಂದು ಹರಳಿನ ಅಂಗಡಿ. ಒಂದು ಗಂಟೆ ನೀಲಮಣಿ ನೋಡಿದೆವು, ಎರಡು ಲೋಟ ತಂಪು ನೀರು ಕುಡಿದೆವು, ಏನೂ ಕೊಳ್ಳಲಿಲ್ಲ. ಹೊರಗೆ ಬಂದರೆ ಟುಕ್‌ಟುಕ್ ಮಾಯ. ದೇವಸ್ಥಾನ ಬೆಳಗಿನಿಂದಲೂ ತೆರೆದೇ ಇತ್ತಂತೆ. ಇದು ಅಲ್ಲಿ ಹಳೆಯ ಆಟ, ಪ್ರವಾಸದ ಪುಸ್ತಕಗಳಲ್ಲೆಲ್ಲ ಬರೆದಿದ್ದಾರೆ ಎಂದು ಮಗ ಫೋನಿನಲ್ಲಿ ಬೈದ. ಬೈದು, ಅಲ್ಲಿಂದಲೇ ಮರುದಿನಕ್ಕೆ ಸಂಜೆಯ ಟೂರು ಗೊತ್ತುಮಾಡಿದ. “ಪ್ರೈವೇಟ್ ಅಪ್ಪ. ನೀವಿಬ್ಬರೇ. ಒಬ್ಬ ಗೈಡು, ಒಂದು ಟುಕ್‌ಟುಕ್.” ದುಡ್ಡೆಷ್ಟು ಎಂದು ಕೇಳಿದೆ. ಸಿಗ್ನಲ್ ಹೋಯಿತು. ನನ್ನ ಮಗನ ಫೋನಿಗೆ ಇಂಥ ಪ್ರಶ್ನೆ ಬಂದಾಗಲೆಲ್ಲ ಸಿಗ್ನಲ್ ಹೋಗುತ್ತದೆ.

ಇಳಿಹೊತ್ತಿಗೆ ಹೋಟೆಲಿನ ಮುಂದೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು ಕೈಮುಗಿದು ನಿಂತಿದ್ದಳು, ಕೊರಳಲ್ಲಿ ಲೈಸೆನ್ಸಿನ ಕಾರ್ಡು. “ಸವಾತ್‌ದೀ ಖಾ” ಎಂದಳು. ನನ್ನವಳನ್ನು “ಪೀ” ಎಂದು ಕರೆದಳು, ನನ್ನನ್ನು “ಲುಂಗ್” ಎಂದಳು. ನಾನು ಲುಂಗಿಯಲ್ಲೇ ಬಂದುಬಿಟ್ಟೆನೇ ಎಂದು ಒಮ್ಮೆ ಕೆಳಗೆ ನೋಡಿಕೊಂಡೆ. ಪ್ಯಾಂಟೇ ಇತ್ತು. ಆಮೇಲೆ ಬಿಡಿಸಿ ಹೇಳಿದಳು: ಅವರಲ್ಲಿ ಹೆಸರು ಹಿಡಿದು ಕರೆಯುವುದಕ್ಕಿಂತ ವರಸೆ ಹಚ್ಚಿ ಕರೆಯುವುದು ವಾಡಿಕೆ. ಪೀ ಎಂದರೆ ಅಕ್ಕ. ಲುಂಗ್ ಎಂದರೆ ಅಪ್ಪನಿಗೋ ಅಮ್ಮನಿಗೋ ಅಣ್ಣನಾದವನು, ಅಂದರೆ ದೊಡ್ಡಪ್ಪ. ನನಗೂ ನನ್ನವಳಿಗೂ ಇರುವುದು ನಾಲ್ಕು ವರ್ಷದ ಅಂತರ. ಬ್ಯಾಂಕಾಕಿನ ಸರ್ಕಾರಿ ಲೈಸೆನ್ಸು ಪಡೆದವರ ಲೆಕ್ಕದಲ್ಲಿ ಅದು ಒಂದು ತಲೆಮಾರು. ಅಕ್ಕನಾದವಳ ಮುಖದಲ್ಲಿ ಮೂಡಿದ ನಗು ರಾತ್ರಿ ಹನ್ನೊಂದರವರೆಗೂ ಇಳಿಯಲಿಲ್ಲ.

ಮೊದಲ ಎಡವಟ್ಟು ಅಲ್ಲೇ ಆಯಿತು. “ಸವಾತ್‌ದೀ ಅಂದರೆ ಸ್ವಸ್ತಿ ಅಲ್ಲವೇನಮ್ಮ? ನಮ್ಮಲ್ಲೂ ಇದೆ! ನಮ್ಮ ಹಳೆಯ ಶಾಸನಗಳೆಲ್ಲ ಸ್ವಸ್ತಿ ಎಂದೇ ಶುರು.” ಸಾವಿರ ವರ್ಷದ ಹಿಂದೆ ನಮ್ಮವರು ಹಡಗಿನಲ್ಲಿ ಹೇರಿಕೊಂಡು ಬಂದು ಇಲ್ಲಿ ಇಳಿಸಿದ ಸರಕು ಎಂಬ ಧಾಟಿಯಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು. ಮಾತು ಸಂಸ್ಕೃತದ್ದೇ, ಆದರೆ ನಮಸ್ಕಾರವಾಗಿ ಅದಕ್ಕೆ ನೂರು ವರ್ಷವೂ ಆಗಿಲ್ಲ. 1930ರ ದಶಕದಲ್ಲಿ ಚುಲಾಲಂಗ್‌ಕಾರ್ನ್ ವಿಶ್ವವಿದ್ಯಾಲಯದ ಮೇಷ್ಟರೊಬ್ಬರು ವಿದ್ಯಾರ್ಥಿಗಳಿಗೆ ರೂಢಿ ಮಾಡಿಸಿದ್ದು, 1943ರಲ್ಲಿ ಸರ್ಕಾರ ಎಲ್ಲರಿಗೂ ಇದೇ ಇರಲಿ ಎಂದದ್ದು. ನನ್ನ ಹಡಗು ದಡ ಸೇರುವ ಮೊದಲೇ ಮುಳುಗಿತು.

ಟುಕ್‌ಟುಕ್ ಹತ್ತಿದೆವು. ನಮ್ಮ ಆಟೋದ ತಮ್ಮನೇ, ಆದರೆ ಮದುವೆಗೆ ಹೊರಟ ತಮ್ಮ. ಮೈತುಂಬ ಬಣ್ಣದ ದೀಪ, ಮಿರುಗುವ ಸ್ಟೀಲು, ಕನ್ನಡಿಗೆ ಮಲ್ಲಿಗೆಯ ಹಾರ. ಬಾಗಿಲಿಲ್ಲ. ಸೂರು ಎಷ್ಟು ತಗ್ಗು ಎಂದರೆ ಊರು ನೋಡಬೇಕಾದರೆ ಊರಿಗೆ ತಲೆಬಾಗಲೇಬೇಕು. 1960ರ ಸುಮಾರಿಗೆ ಜಪಾನಿನಿಂದ ಬಂದ ಡೈಹಾಟ್ಸು ಮಿಡ್ಜೆಟ್ ಎಂಬ ಮೂರುಗಾಲಿಯ ಸಾಮಾನು ಗಾಡಿಗಳೇ ಇವಕ್ಕೆ ಹಿರಿಯರು. ಅವುಗಳ ಸದ್ದೇ ಇವುಗಳ ಹೆಸರು. “ನಮ್ಮಲ್ಲೂ ಇದೆ” ಎಂದೆ. ಇಲ್ಲಿ ಮೀಟರ್ ಇರುವುದಿಲ್ಲ, ಹತ್ತುವ ಮೊದಲೇ ಚೌಕಾಸಿ ಎಂದಳು. ನಮ್ಮಲ್ಲಿ ಮೀಟರ್ ಇದೆ, ಹತ್ತುವ ಮೊದಲೇ ಚೌಕಾಸಿ ಎಂದೆ. ಅವಳು ಅರ್ಧ ನಿಮಿಷ ಯೋಚಿಸಿ, “ಸೇಮ್ ಸೇಮ್, ಬಟ್ ಡಿಫರೆಂಟ್” ಎಂದಳು. ಅಲ್ಲಿ ಬೀದಿಬೀದಿಯ ಬನಿಯನ್ನುಗಳ ಮೇಲೆ ಬರೆದಿರುವ ಮಾತು ಅದು. ಆ ರಾತ್ರಿ ನನ್ನ ಪಾಲಿಗೆ ಅದೇ ತೀರ್ಪಾಯಿತು.

ವಾಟ್ ಫೋ ಗುಡಿಯ ಬಾಗಿಲು ಹಾಕುವ ಮುಂಚೆ ಒಳಗೆ ನುಗ್ಗಿದೆವು. ಮಲಗಿದ ಬುದ್ಧ: 46 ಮೀಟರ್ ಉದ್ದ, 15 ಮೀಟರ್ ಎತ್ತರ, ಮೈಯೆಲ್ಲ ಬಂಗಾರದ ಹೊದಿಕೆ. ಗುಡಿ ಅವನ ಸುತ್ತ ಎಷ್ಟು ಬಿಗಿಯಾಗಿದೆಯೆಂದರೆ, ಎಲ್ಲಿ ನಿಂತರೂ ಇಡಿಯಾಗಿ ಕಾಣುವುದಿಲ್ಲ. ಕಂಬಗಳ ಸಂದಿಯಿಂದ ಒಮ್ಮೆ ಕಣ್ಣು, ಒಮ್ಮೆ ಮೊಣಕೈ, ಕೊನೆಯಲ್ಲಿ ಆಳೆತ್ತರವನ್ನೂ ಮೀರಿದ ಎರಡು ಪಾದ. ಅಂಗಾಲಿನಲ್ಲಿ ಕಪ್ಪು ನೆಲದ ಮೇಲೆ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳಚಿಹ್ನೆ ಬಿಡಿಸಿದ್ದಾರೆ. ನಾನು ಬೀಗ ಹಾಕಿಕೊಂಡಿದ್ದೆ, ಆಣೆಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಅವಳೇ “ನಿಮ್ಮ ಕಡೆ ಇಷ್ಟು ದೊಡ್ಡ ವಿಗ್ರಹ ಇದೆಯಾ?” ಎಂದುಬಿಟ್ಟಳು. ಕನ್ನಡಿಗನನ್ನು ಹಾಗೆ ಕೇಳಬಾರದು.

“ಶ್ರವಣಬೆಳಗೊಳದಲ್ಲಿ. ಒಂದೇ ಕಲ್ಲು. 58 ಅಡಿ. ಆದರೆ ಮಲಗಿಲ್ಲ, ನಿಂತಿದ್ದಾನೆ.”

“ಯಾವಾಗಿನಿಂದ?”

“981ರಿಂದ.”

“ಪಾಪ” ಎಂದಳು.

ನಾನು ಏನು ಉತ್ತರ ಕೊಡಲಿ? ಆಮೇಲೆ ಅವಳೇ ದನಿ ತಗ್ಗಿಸಿ, ಇದು ನಿದ್ದೆಯಲ್ಲ, ಪರಿನಿರ್ವಾಣಕ್ಕೆ ಸಂದ ಭಂಗಿ ಎಂದು ಹೇಳಿ ಕೈಮುಗಿದಳು. ಬುದ್ಧನ ಬೆನ್ನ ಹಿಂದೆ ಗೋಡೆಯುದ್ದಕ್ಕೂ 108 ಕಂಚಿನ ಪಾತ್ರೆ. ಒಂದು ಬಟ್ಟಲು ಚಿಲ್ಲರೆ ಕೊಂಡು, ಒಂದೊಂದಕ್ಕೆ ಒಂದೊಂದು ಕಾಸು ಬಿಡುತ್ತ ಹೋಗಬೇಕು. ಟಿಣ್, ಟಿಣ್, ಟಿಣ್. ಗುಡಿಯೆಲ್ಲ ಅದೇ ಸದ್ದು, ತಗಡಿನ ಮಾಡಿನ ಮೇಲೆ ಬಿಡಿ ಮಳೆ ಬಿದ್ದ ಹಾಗೆ. ನನ್ನ ಕಾಸು ತೊಂಬತ್ತೆಂಟಕ್ಕೇ ಮುಗಿಯಿತು. ಬ್ಯಾಂಕಿನವನ ಕೈ! ನನ್ನವಳದು ಕೊನೆಯ ಪಾತ್ರೆಗೆ ಕೊನೆಯ ಕಾಸು. ಹೊರಗೆ ಬರುವಾಗ ಅವಳ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಸರಿಯುತ್ತಿದ್ದುದನ್ನು ಕಂಡೆ. ಪುಣ್ಯಸ್ಥಳ, ಜಪ ಮಾಡುತ್ತಿದ್ದಾಳೆ ಎಂದುಕೊಂಡು ಸುಮ್ಮನಾದೆ.

ಎದುರು ದಡದಲ್ಲಿ ವಾಟ್ ಅರುಣ್. ಐದು ಬಾಟಿನ ದೋಣಿಯಲ್ಲಿ ಚಾವ್ ಫ್ರಾಯಾ ನದಿ ದಾಟಿದೆವು. ಅರುಣ ಎಂದರೆ ನಮ್ಮ ಸೂರ್ಯನ ಸಾರಥಿಯೇ. ಮುಂಜಾವಿನ ದೇವರ ಗುಡಿಯನ್ನು ಎಲ್ಲರೂ ನೋಡಲು ಬರುವುದು ಮಾತ್ರ ಮುಚ್ಚಂಜೆಗೆ. ದೂರದಿಂದ ಅದು ಕೆತ್ತಿದ ಕಲ್ಲಿನ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಮೂಗು ತಾಗಿಸಿದರೆ ಗೊತ್ತಾಗುವುದು, ಅದೆಲ್ಲ ಚೀನಾದ ಪಿಂಗಾಣಿಯ ಚೂರು. ತಟ್ಟೆಯ ಅಂಚು ಹೂವಿನ ಎಸಳಾಗಿದೆ, ಬಟ್ಟಲಿನ ತಳ ಹೂವಿನ ನಡುವಾಗಿದೆ. ಹಡಗು ಓಲಾಡದಿರಲೆಂದು ತಳದಲ್ಲಿ ತುಂಬಿ ತಂದ ಪಿಂಗಾಣಿಯಂತೆ. “ಈಗ ಅನ್ನಿ, ನಮ್ಮಲ್ಲೂ ಇದೆ ಅಂತ” ಎಂದಳು ನನ್ನವಳು. “ಕಳೆದ ದೀಪಾವಳಿಗೆ ನೀವು ಒಡೆದ ಆರು ಕಪ್ಪು ಇನ್ನೂ ಅಟ್ಟದ ಮೇಲಿವೆ. ತಂದಿದ್ದರೆ ಇನ್ನೊಂದು ಗೋಪುರ ಏಳುತ್ತಿತ್ತು.”

ವಾಪಸು ಬರುವಾಗ ದೋಣಿಯಲ್ಲೇ ಊರಿನ ಹೆಸರಿನ ಮಾತು ಬಂತು. ಬ್ಯಾಂಕಾಕ್ ಎನ್ನುವುದು ಹೊರಗಿನವರ ಹೆಸರು. ಅವರಿಗೆ ಅದು ಕ್ರುಂಗ್ ಥೇಪ್, ದೇವನಗರಿ. ಆದರೆ ಅದು ಹೆಸರಿನ ಬಾಲವೂ ಅಲ್ಲ. ಪೂರ್ತಿ ಹೆಸರಿಗೆ ಥಾಯ್ ಲಿಪಿಯಲ್ಲಿ 168 ಅಕ್ಷರ. ಶಾಲೆಯಲ್ಲಿ ಕಲಿತದ್ದು ಎಂದು ಉಸಿರು ಕಟ್ಟಿ ಒಪ್ಪಿಸಿದಳು: ಕ್ರುಂಗ್ ಥೇಪ್ ಮಹಾನಖೋನ್ ಅಮೋನ್ ರತ್ತನಕೋಸಿನ್ ಮಹಿಂತರಾ ಅಯುತ್ತಯಾ... ಮೊದಲು ನನಗೆ ಏನೂ ತಿಳಿಯಲಿಲ್ಲ. ಎರಡನೇ ಸಲ ಹೇಳಿಸಿದೆ. ಕೊನೆಯ ರಕಾರ ಅವರ ನಾಲಗೆಯಲ್ಲಿ ನಕಾರವಾಗುತ್ತದೆ ಎಂಬ ಗುಟ್ಟು ಸಿಕ್ಕಿದ್ದೇ ತಡ, ಬೀಗ ತೆರೆದುಕೊಂಡಿತು. ನಖೋನ್ ಎಂದರೆ ನಗರ. ಅಮೋನ್, ಅಮರ. ಅವತಾನ್, ಅವತಾರ. ನೊಪ್ಪರತ್ ನವರತ್ನ, ರಾಚಥಾನಿ ರಾಜಧಾನಿ, ಪಿಮಾನ್ ವಿಮಾನ, ಸಕ್ಕತತ್ತಿಯ ಶಕ್ರದತ್ತ, ವಿಸನುಕಮ್ ನಮ್ಮ ವಿಶ್ವಕರ್ಮ! ಇಂದ್ರ ಕೊಟ್ಟದ್ದು, ವಿಶ್ವಕರ್ಮ ಕಟ್ಟಿದ್ದು. 1782ರಲ್ಲಿ ಮೊದಲನೆಯ ರಾಮ ಎಂಬ ಅರಸ ಕಟ್ಟಿಸಿದ ರಾಜಧಾನಿಗೆ ಇಷ್ಟೂ ಬಿರುದು. ನಾನು ದೋಣಿಯಲ್ಲಿ ಎದ್ದು ನಿಂತು ಒಂದೊಂದು ಪದಕ್ಕೂ “ನಮ್ಮದು, ನಮ್ಮದು” ಎನ್ನುತ್ತಿದ್ದೆ. ಹರಾಜಿನ ಮಾಲಿನಲ್ಲಿ ಕಳುವಾದ ಪಾತ್ರೆ ಗುರುತು ಹಿಡಿದವನ ಹಾಗೆ. ದೋಣಿಯವನು ಕೂರಲು ಹೇಳಿದ. ನನ್ನವಳ ಹೆಬ್ಬೆರಳು ಆ ಹೊತ್ತಿನಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಓಡುತ್ತಿತ್ತು. ಭಕ್ತಿ ಹೆಚ್ಚಿದೆ ಎಂದುಕೊಂಡೆ.

ಅಲ್ಲಿನ ಅರಮನೆ ಮಧ್ಯಾಹ್ನವೇ ಮುಚ್ಚುತ್ತದೆ. ದೀಪ ಬಿದ್ದ ಬಿಳಿ ಗೋಡೆ ಮತ್ತು ಬಂಗಾರದ ಶಿಖರ ಮಾತ್ರ ರಾತ್ರಿಯವರ ಪಾಲು. ಗೋಡೆಯ ಒಳಗೆ, ಪಚ್ಚೆ ಬುದ್ಧನ ಗುಡಿಯ ಸುತ್ತ, ರಾಮಕಿಯೆನ್ನಿನ ಕಥೆ 178 ಚಿತ್ರಗಳಲ್ಲಿ ಇದೆಯಂತೆ. ಅದು ಅವರ ರಾಮಾಯಣ. ರಾವಣನ ಹೆಸರು ಅಲ್ಲಿ ಥೊತ್ಸಕಾನ್, ದಶಕಂಠ. “ಹನುಮಂತ ನಮಗೆಲ್ಲ ತುಂಬ ಇಷ್ಟ” ಎಂದಳು. ನಾನು ಎದೆಯುಬ್ಬಿಸಿದೆ. “ನಮ್ಮಲ್ಲೂ” ಎನ್ನುವಷ್ಟರಲ್ಲಿ, “ಅವನಿಗೆ ಎಷ್ಟೊಂದು ಹೆಂಡಿರು! ಮತ್ಸ್ಯಕನ್ಯೆ ಒಬ್ಬಳು, ಅವಳಲ್ಲಿ ಒಬ್ಬ ಮಗ” ಎಂದು ಸಡಗರದಿಂದ ಲೆಕ್ಕ ಕೊಡತೊಡಗಿದಳು. “ನಮ್ಮಲ್ಲಿಲ್ಲ!” ಎಂದು ಕೂಗಿದೆ, ಟುಕ್‌ಟುಕ್ಕಿನವನು ಬ್ರೇಕ್ ಹಾಕುವಷ್ಟು ಜೋರಾಗಿ. ನಮ್ಮ ಬೀದಿಯ ಮೂಲೆಯ ಆಂಜನೇಯನ ಮುಖ ಕಣ್ಣ ಮುಂದೆ ಬಂತು. ಶನಿವಾರ ಅವನಿಗೆ ಹೇಗೆ ಮುಖ ತೋರಿಸಲಿ? “ಇದನ್ನು ಲೆಕ್ಕಕ್ಕೆ ಹಿಡೀಬೇಕೋ ಬೇಡವೋ?” ಎಂದು ನನ್ನವಳು ತನ್ನಷ್ಟಕ್ಕೆ ಗೊಣಗಿದಳು. ಯಾವ ಲೆಕ್ಕ ಎಂದು ನನಗೆ ಹೊಳೆಯಲಿಲ್ಲ.

ಮುಂದೆ ಒಂದು ಕೂಡುರಸ್ತೆಯ ನಡುವೆ, ಎಲ್ಲಿಗೂ ಹೋಗದ ಬಾಗಿಲ ಚೌಕಟ್ಟಿನ ಹಾಗೆ, ಎರಡು ಕೆಂಪು ಕಂಬ, ಮೇಲೊಂದು ಕೆತ್ತನೆಯ ತೊಲೆ. ಅದು 1784ರಲ್ಲಿ ಮೊದಲು ಕಟ್ಟಿಸಿದ ದೊಡ್ಡ ಉಯ್ಯಾಲೆ. ಈಗಿರುವುದು 2007ರಲ್ಲಿ ಹೊಸ ತೇಗದಲ್ಲಿ ನಿಲ್ಲಿಸಿದ್ದು. ಉಯ್ಯಾಲೆಯ ಹಗ್ಗವಿಲ್ಲ, ಮಣೆಯಿಲ್ಲ. ಹಿಂದೆ ಬ್ರಾಹ್ಮಣ ಹುಡುಗರು ಇದರಲ್ಲಿ ಮುಗಿಲಿಗೆ ಜೀಕಿ, ಕಂಬಕ್ಕೆ ಕಟ್ಟಿದ ನಾಣ್ಯದ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಕೀಳಬೇಕಿತ್ತು. ಬಿದ್ದು ಸತ್ತವರೂ ಉಂಟು. 1935ರಲ್ಲಿ ಆಟ ನಿಂತಿತು. ಎದುರಿಗೇ ಅರಮನೆಯ ಬ್ರಾಹ್ಮಣರ ದೇವಸ್ಥಾನ, ಅವರ ಬಾಯಲ್ಲಿ ದೇವಸಥಾನ್. ಈಶ್ವರ, ಗಣಪತಿ, ವಿಷ್ಣು. ಆ ಹಬ್ಬದ ಹೆಸರು ತ್ರಿಯಂಪವಾಯ್. ಮಾಣಿಕ್ಕವಾಚಗರ ತಿರುವೆಂಬಾವೈ ಎಂಬ ತಮಿಳು ಹೆಸರು ಕಡಲು ದಾಟಿ ಹೀಗಾಗಿದೆ. ಈ ಸಲ “ನಮ್ಮಲ್ಲೂ” ಎನ್ನಲು ನಾಲಗೆ ಏಳಲಿಲ್ಲ. ಅದು ತಮಿಳುನಾಡಿನವರದು. ಅಂತಾರಾಷ್ಟ್ರೀಯ ಮಟ್ಟದಲ್ಲಿ ಕೊಂಚ ಪ್ರಾಮಾಣಿಕತೆ ಇರಲಿ ಎಂದು ಬಿಟ್ಟುಕೊಟ್ಟೆ. ಕಾವೇರಿಯಾಗಿದ್ದರೆ ನೋಡಬಹುದಿತ್ತು.

ಗಂಟೆ ಎಂಟಾಗಿತ್ತು. ಹಸಿವು. ಇಷ್ಟು ಹೊತ್ತು ಹಲ್ಲು ಕಚ್ಚಿ ಕಾಯ್ದಿಟ್ಟ ಪ್ರಶ್ನೆಯನ್ನು ನನ್ನವಳು ಹೊರತೆಗೆದಳು: ಇಲ್ಲಿ ನಾವು ತಿನ್ನುವಂಥದ್ದು ಏನು ಸಿಗುತ್ತದೆ? ಗೈಡು ನಮ್ಮ ಪಾಡು ಕೇಳಿಕೊಂಡು, “ಓ, ಮಂಗ್ಸವಿರತ್!” ಎಂದಳು. ಮಾಂಸವಿರತಿ! ನಾವು ಮೈಸೂರಿನಲ್ಲಿ “ವೆಜ್” ಎನ್ನುತ್ತೇವೆ. ಬೀದಿಬದಿಯ ಬ್ಯಾಂಕಾಕಿನವರು ದಂಡಿಯ ಗದ್ಯದಲ್ಲಿ ಮಾತಾಡುತ್ತಾರೆ. ಆದರೆ ಮಂಗ್ಸವಿರತ್ ಎಂದರೂ ಮೊಟ್ಟೆ ಬಂದೀತು, ಮೀನಿನ ಸಾರ ಒಂದೆರಡು ಹನಿ ಬಿದ್ದೀತು. ಅದಕ್ಕಿಂತ ಗಟ್ಟಿಯಾದ ಮಾತು “ಜೇ” ಎಂದು ಹೇಳಿಕೊಟ್ಟಳು. ಚೀನೀ ಮೂಲದವರ ವ್ರತದ ಊಟ. ಹಳದಿ ಬಾವುಟ, ಮೇಲೆ ಕೆಂಪಿನಲ್ಲಿ ಬರೆದ ಅಕ್ಷರ. ನಮಗೆ ಓದಲು ಬರದಿದ್ದರೂ ಚಿಂತೆಯಿಲ್ಲ, ಅದು ನೋಡಲು ಥೇಟು ಇಂಗ್ಲಿಷಿನ ಹದಿನೇಳರ ಅಂಕಿಯ ಹಾಗಿದೆ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. “ಈರುಳ್ಳಿ, ಬೆಳ್ಳುಳ್ಳಿಯೂ ಹಾಕುವುದಿಲ್ಲ, ಪೀ.”

ನನ್ನವಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಬ್ಬಹರಿದಿನಗಳಲ್ಲಿ ಬೆಳ್ಳುಳ್ಳಿಯ ನೆರಳು ಬಿದ್ದರೂ ಒಲೆ ಒರೆಸುವ ಮನೆತನದಲ್ಲಿ ಹುಟ್ಟಿದವಳು. ಅವಳ ಅಜ್ಜಿ ಬದುಕಿದ್ದರೆ ಕಾಶಿ ಬಿಟ್ಟು ಇಲ್ಲಿಗೇ ಬರುತ್ತಿದ್ದರು. ಚೀನೀಯರ ಚಾಂದ್ರಮಾನದ ಒಂಬತ್ತನೆಯ ತಿಂಗಳಲ್ಲಿ ಒಂಬತ್ತು ದಿನ ಊರಿಗೆ ಊರೇ ಜೇ ಉಣ್ಣುವ ಹಬ್ಬವಿದೆಯಂತೆ, ಹೆಚ್ಚುಕಡಿಮೆ ನಮ್ಮ ನವರಾತ್ರಿಯ ಹೊತ್ತಿಗೇ. “ನಮ್ಮಲ್ಲೂ ಒಂಬತ್ತೇ ದಿನ!” ಎಂದು ಈ ಸಲ ಕೂಗಿದವಳು ನನ್ನ ಹೆಂಡತಿ. ಕೂಗಿ, ನಾಲಗೆ ಕಚ್ಚಿಕೊಂಡು, ಬೆರಳನ್ನು ಸೆರಗಿನಲ್ಲಿ ಅಡಗಿಸಿದಳು.

ಯಾವರಾತ್ ಬೀದಿ ಚೀನೀಯರ ಪೇಟೆ. ತಲೆಯ ಮೇಲೆ ನಿಯಾನ್ ಬೋರ್ಡುಗಳ ಚಪ್ಪರ, ಕೆಳಗೆ ಬಾಣಲೆಗಳ ಭೋರ್ಗರೆತ. ಕಾಲಿಡಲು ಜಾಗವಿಲ್ಲ. ಜೇ ಅಂಗಡಿಯಲ್ಲಿ ಅಣಬೆ, ತೋಫು ಹಾಕಿದ ಶಾವಿಗೆ ತಿಂದೆವು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ವ್ರತದ ಊಟ ಎಲ್ಲ ಕಡೆಯೂ ಒಂದೇ ರುಚಿ. ಹೇಳಬೇಕಾದ್ದು ಅದರ ಪಕ್ಕದ ಗಾಡಿಯದು. ಮುದುಕಿಯೊಬ್ಬಳು ಕೂತಿದ್ದಾಳೆ. ಮುಂದೆ ಇದ್ದಿಲ ಒಲೆ. ಒಲೆಯ ಮೇಲೆ ಕಬ್ಬಿಣದ ದುಂಡು ಹಂಚು. ಹಂಚಿನ ತುಂಬ ಗುಳಿ. ಇವಳು ನನ್ನ ತೋಳು ಹಿಡಿದು ಎಳೆದಳು: “ರೀ, ಗುಳಿಯಪ್ಪದ ಹಂಚು!” ಮುದುಕಿ ಗುಳಿಗುಳಿಗೆ ಅಕ್ಕಿಹಿಟ್ಟು ಹೊಯ್ದಳು, ಅದರ ಮೇಲೆ ಗಟ್ಟಿ ತೆಂಗಿನಹಾಲು, ಮೇಲೆ ಎರಡು ಕಾಳು ಜೋಳ. ಮುಚ್ಚಳ ಮುಚ್ಚಿದಳು. ನಮ್ಮವರ ಹಾಗೆ ಮಗುಚಿ ಹಾಕಲಿಲ್ಲ. ಚಮಚದಿಂದ ಅಂಚು ಬಿಡಿಸಿ, ಒಂದನ್ನೆತ್ತಿ ಇನ್ನೊಂದರ ಮೇಲೆ ಕವುಚಿ ಜೋಡಿಮಾಡಿ, ಬಾಳೆಲೆಯ ದೊನ್ನೆಗಿಟ್ಟಳು. ಖನೋಮ್ ಕ್ರೋಕ್. ಕೆಳಗೆ ಗರಿಗರಿ, ನಡುವೆ ಕಡುಬಿನ ಹೂರಣದಷ್ಟು ಮೆತ್ತಗೆ, ಉಪ್ಪೂ ಸಿಹಿಯೂ ಒಟ್ಟಿಗೆ. ಬಾಯಿ ಸುಟ್ಟಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನಗೆ ಮಾತು ಬರಲಿಲ್ಲ. ಬಾಯಿ ಸುಟ್ಟದ್ದೂ ಒಂದು ಕಾರಣ. ನಮ್ಮ ಗುಳಿಯಪ್ಪಕ್ಕಿಂತ ಚೆನ್ನಾಗಿತ್ತು ಎಂಬುದು ಇನ್ನೊಂದು. ಇದನ್ನು ಮನೆಯಲ್ಲಿ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ. ಇವಳು ಹರಟೆ ಓದುವುದಿಲ್ಲ.

ಯಾವರಾತ್ ಚಿನ್ನದಂಗಡಿಗಳ ಬೀದಿಯೂ ಹೌದು ಎಂಬುದು ನನಗೆ ತಡವಾಗಿ ತಿಳಿಯಿತು. ಇನ್ನೂ ಬಾಗಿಲು ಹಾಕದ ಕೆಂಪು ಅಂಗಡಿಯೊಂದರ ಮುಂದೆ ಇವಳ ಕಾಲು ನಿಂತಿತು. ಕಿಟಕಿಯಲ್ಲಿ ತೂಗಿದ ಸರ ತೋರಿಸಿ, ಎಷ್ಟು ಎಂದು ಕೇಳಿದಳು. “ಒಂದು ಬಾಟ್” ಎಂದಳು ಗೈಡು. ಒಂದು ಬಾಟ್ ಎಂದರೆ ಆಗ ನಮ್ಮ ಎರಡೂವರೆ ರೂಪಾಯಿ. ದೋಣಿಗೇ ಐದು ಬಾಟ್ ಕೊಟ್ಟಿದ್ದೆ. ಜೀವನದಲ್ಲಿ ಮೊದಲ ಬಾರಿಗೆ ಚಿನ್ನದಂಗಡಿಯ ಮುಂದೆ ನನ್ನ ಗಂಟಲು ಗಟ್ಟಿಯಾಯಿತು: “ಎರಡು ತಗೋ!” ಎಂದೆ. ಅಲ್ಲಿ ಬಾಟ್ ಎನ್ನುವುದು ದುಡ್ಡಿನ ಹೆಸರಷ್ಟೇ ಅಲ್ಲ, ಚಿನ್ನದ ತೂಕದ ಹೆಸರೂ ಹೌದು, ಸುಮಾರು 15 ಗ್ರಾಮು ಎಂದು ಅವಳು ವಿವರಿಸುವ ಹೊತ್ತಿಗೆ ಇವಳ ಒಂದು ಕಾಲು ಅಂಗಡಿಯ ಒಳಗಿತ್ತು. ಅದನ್ನು ಹೊರಗೆ ತರಿಸಲು ನಾನು ಪಟ್ಟ ಪಾಡು ಪರಿನಿರ್ವಾಣದ ಸಮೀಪದ್ದು. “ಎರಡು ತಗೋ ಅಂದಿದ್ದಿರಿ” ಎಂಬ ಮಾತು ನಮ್ಮ ಮನೆಯಲ್ಲಿ ಇಂದಿಗೂ ವಾರಕ್ಕೊಮ್ಮೆ ಕೇಳಿಬರುತ್ತದೆ.

ದುಡ್ಡಿನ ಮಾತು ತಪ್ಪಿಸಲು ಏನಾದರೂ ಕೇಳಬೇಕಿತ್ತು. ಆ ಗಾಡಿಯ ಮುದುಕಿ ನಮ್ಮನ್ನು ನೋಡಿ ಏನೋ ಹೇಳಿದಳಲ್ಲ, ಏನದು ಎಂದೆ. ಗೈಡು ಸ್ವಲ್ಪ ಸಂಕೋಚಪಟ್ಟಳು. “ಖ್ಯಾಕ್ ಅಂದಳು. ಅಂದರೆ ಅತಿಥಿ, ನೆಂಟ. ಭಾರತದ ಕಡೆಯಿಂದ ಬಂದವರಿಗೂ ನಮ್ಮಲ್ಲಿ ಅದೇ ಮಾತು.” ಸೀಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಗೂ ಜನ ವಾಟ್ ಖ್ಯಾಕ್ ಎಂದೇ ಕರೆಯುತ್ತಾರಂತೆ, ನೆಂಟರ ಗುಡಿ. ಸಂಜೆಯಿಂದ ಊರಿನ ಹೆಸರಿನಿಂದ ಹಿಡಿದು ಉಯ್ಯಾಲೆಯವರೆಗೆ ನನ್ನದು ನನ್ನದು ಎಂದು ಗುರುತು ಹಾಕುತ್ತ ಬಂದವನಿಗೆ, ಗಾಡಿಯ ಮುದುಕಿ ನೆಂಟ ಎಂದು ಬರೆದು ಷರಾ ಹಾಕಿಬಿಟ್ಟಳು. ನನಗೆ ದಾವಣಗೆರೆಯ ಭಾವನವರು ನೆನಪಾದರು. ಅವರು ಈಗ ಉಂಡು ಮಲಗಿರುತ್ತಾರೆ. ಇಲ್ಲ, ನಮ್ಮ ಗಡಿಯಾರ ಒಂದೂವರೆ ತಾಸು ಹಿಂದೆ. ಇನ್ನೂ ಧಾರಾವಾಹಿ ನೋಡುತ್ತಿರುತ್ತಾರೆ.

ಕೊನೆಗೆ ಹೂವಿನ ಪೇಟೆ, ಪಾಕ್ ಕ್ಲೋಂಗ್ ತಲಾತ್. ಹಗಲೂ ರಾತ್ರಿಯೂ ತೆರೆದಿರುವ ಪೇಟೆಗೆ ನಿಜವಾದ ಬೆಳಗಾಗುವುದು ರಾತ್ರಿ ಹತ್ತರ ಮೇಲೆ. ಮಾರುದ್ದದ ಪ್ಲಾಸ್ಟಿಕ್ ಚೀಲಗಳಲ್ಲಿ ಚೆಂಡುಹೂವು, ಐಸಿನ ಪೆಟ್ಟಿಗೆಯಲ್ಲಿ ಮಲ್ಲಿಗೆ ಮೊಗ್ಗು, ತಾವರೆಯ ಕಟ್ಟುಗಳು. ಹೆಂಗಸರು ಉದ್ದನೆಯ ಸೂಜಿಗೆ ಮೊಗ್ಗು ಪೋಣಿಸುತ್ತಾರೆ, ಕಣ್ಣು ಮಾತ್ರ ಮೊಬೈಲಿನ ಮೇಲೆ, ಒಂದು ಮೊಗ್ಗೂ ಸಾಲು ತಪ್ಪುವುದಿಲ್ಲ. ಫುವಾಂಗ್ ಮಾಲೈ ಎಂದರೆ ನಮ್ಮ ಮಾಲೆಯೇ. ಆದರೆ ಅದನ್ನು ಹೆಚ್ಚಾಗಿ ಕೊರಳಿಗೆ ಹಾಕುವುದಿಲ್ಲ, ಹಿರಿಯರ ಕೈಗೆ ಕೊಡುತ್ತಾರೆ, ಬುದ್ಧನ ಮುಂದೆ ಇಡುತ್ತಾರೆ, ಗಾಡಿಯ ಕನ್ನಡಿಗೆ ತೂಗಿಬಿಡುತ್ತಾರೆ. ದೇವರಿಗೆಂದು ಕೊಂಡ ಹೂವನ್ನು ಮೂಸಬಾರದು ಎಂದು ಅವಳು ನನ್ನ ಮೂಗನ್ನು ತಡೆದಳು. ನನ್ನ ತಾಯಿ ತಡೆಯುತ್ತಿದ್ದ ಹಾಗೆಯೇ. ನಾನು ಏನೂ ಅನ್ನಲಿಲ್ಲ.

ನನ್ನವಳು ಒಂದು ಮಲ್ಲಿಗೆ ಹಾರ ಕೊಂಡು, ತುದಿಯ ಗುಲಾಬಿ ಕಿತ್ತು ನನ್ನ ಕೈಗಿಟ್ಟು, ಉಳಿದದ್ದನ್ನು ಹೆರಳಿಗೆ ಮುಡಿದುಕೊಂಡಳು. ಸಾಲಿನ ಸೂಜಿಗಳೆಲ್ಲ ಒಂದು ಗಳಿಗೆ ನಿಂತವು. ಅಲ್ಲಿ ಹೆಂಗಸರು ಹೀಗೆ ಮುಡಿಯುವುದು ಕಾಣುವುದಿಲ್ಲ. ಒಬ್ಬಾಕೆ ಎದ್ದು ಬಂದು, ಹಾರ ಸರಿಯಾಗಿ ನಿಂತಿಲ್ಲವೆಂದು ತಾನೇ ಸಿಕ್ಕಿಸಿಕೊಟ್ಟಳು.

ಆ ಸಂತೋಷದಲ್ಲಿ ನಾನೇ ಬಾಯಿ ಬಿಟ್ಟೆ. ಗೈಡಿಗೆ ನಮ್ಮ ಮೈಸೂರಿನ ಮಲ್ಲಿಗೆ ಹೇಳಿದೆ. ಮಲ್ಲಿಗೆಯಿಂದ ಅರಮನೆಗೆ ಹೋದೆ. ಅರಮನೆಯಿಂದ ದಸರೆಗೆ. 750 ಕಿಲೋ ಅಂಬಾರಿ ಹೊತ್ತು ನಡೆಯುವ ಆನೆ, ರಾಜರ ಕಾಲದ ಮೆರವಣಿಗೆ, ಲಕ್ಷ ದೀಪ. ಕೈಯಲ್ಲಿ ಆನೆ ಮಾಡಿ ತೋರಿಸಿದೆ. ಮೂವತ್ತು ವರ್ಷದ ಅನುಭವವೆಲ್ಲ ಅದಕ್ಕೆ ಸುರಿದೆ. ಅವಳು ಕೊನೆಯವರೆಗೂ ಮರ್ಯಾದೆಯಿಂದ ಕೇಳಿದಳು.

“ನಮ್ಮಲ್ಲೂ ಇದೆ, ಲುಂಗ್” ಎಂದಳು. “ಆನೆ ನಮ್ಮ ಬಾವುಟದ ಮೇಲೇ ಇತ್ತು, ಬಿಳಿ ಆನೆ, ನೂರು ವರ್ಷದ ಹಿಂದಿನವರೆಗೆ. ಅರಮನೆ ನೀವೇ ನೋಡಿದಿರಿ. ರಾಜರು ಈಗಲೂ ಇದ್ದಾರೆ, ಹತ್ತನೆಯ ರಾಮ.”

ಎದೆಗೆ ಏನೋ ಚುಚ್ಚಿದ ಹಾಗಾಯಿತು. ಆ ಚುಚ್ಚು ನನಗೆ ಹೊಸದಲ್ಲ, ಭಾನುವಾರ ಸಂಜೆ ಏಳರ ಹಳೆಯ ಚುಚ್ಚು. ನನ್ನವಳು ಮಲ್ಲಿಗೆ ಉದುರುವ ಹಾಗೆ ನಕ್ಕಳು.

ಹೋಟೆಲಿನ ಬಾಗಿಲಲ್ಲಿ ಗೈಡಿಗೆ ಒಂದಿಷ್ಟು ಇನಾಮು ಕೊಟ್ಟು ಕೈಮುಗಿದೆ. ಕೈಯಲ್ಲಿದ್ದ ರಸೀದಿಯ ಮೇಲೆ 2567ನೆಯ ಇಸವಿ ಬಿದ್ದಿತ್ತು. ಅವರದು ಬುದ್ಧಶಕ, ನಮಗಿಂತ 543 ವರ್ಷ ಮುಂದೆ. ಅದನ್ನು ನನ್ನ ವಯಸ್ಸಿಗೂ ಸೇರಿಸಿಯೇ ದೊಡ್ಡಪ್ಪ ಎಂದಿರಬೇಕು ಎಂದು ಸಮಾಧಾನ ತಂದುಕೊಂಡೆ. ಆಗ ನನ್ನವಳು ಹೆಬ್ಬೆರಳನ್ನು ಗೆಣ್ಣಿನಿಂದ ಎತ್ತದೆ, “ಇಪ್ಪತ್ತಮೂರು” ಎಂದಳು. ಏನು ಇಪ್ಪತ್ತಮೂರು? “ನಮ್ಮಲ್ಲೂ ಇದೆ. ಸಂಜೆಯಿಂದ ನೀವು ಅಂದದ್ದು.” ಜಪವಲ್ಲ ಅದು, ನನ್ನ ಪಾಪದ ಖಾತೆ.

ಗೈಡಿಗೆ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಳು. ಅವಳು ತಲೆತಗ್ಗಿಸಿ, ಬಹಳ ವಿನಯದಿಂದ, “ಇಪ್ಪತ್ತನಾಲ್ಕು, ಪೀ. ದೋಣಿಯಲ್ಲಿ ಒಂದು ನಿಮಗೆ ತಪ್ಪಿದೆ” ಎಂದಳು.

ಊರಿಗೆ ಬಂದೊಡನೆ ದಾವಣಗೆರೆಗೆ ಫೋನು ಮಾಡಿ ಭಾವನವರನ್ನು ಈ ಸಲದ ದಸರೆಗೆ ಕರೆದಿದ್ದೇನೆ. ನೀವೂ ಬನ್ನಿ. ಭಾನುವಾರವಾದರೆ ಒಳ್ಳೆಯದು, ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರೆ ಮುಂದೆ ನಿಲ್ಲಲು ಜಾಗ ಸಿಗುತ್ತದೆ. ದುಡ್ಡು ಕಾಸು ಬೇಡ, ಕಾಫಿಯೂ ನಮ್ಮದೇ. ನಿಮ್ಮೂರಿನಲ್ಲಿ ಏನೇನಿದೆ ಎಂಬುದನ್ನು ಮಾತ್ರ ಮಂಡ್ಯದಲ್ಲೇ ಇಳಿಸಿ ಬನ್ನಿ.